ಕುಕ್ಕರ್ ಕೂಗದ ಮನೆ

ಹಾಡು ಕಲಿತದ್ದು ಎಲ್ಲಿ ಎಂದು ಯಾರಾದರೂ ಕೇಳಿದರೆ ನಾನು ಸಾಮಾನ್ಯವಾಗಿ ಯುರೋಪಿನ ಒಂದು ದೊಡ್ಡ ಊರಿನ ಹೆಸರು ಹೇಳಿ ಮುಗಿಸಿಬಿಡುತ್ತೇನೆ. ಕೇಳಿದವರಿಗೂ ಅಷ್ಟೇ ಬೇಕಾಗಿರುತ್ತದೆ. ಒಪೆರಾ ಹಾಡುವವಳು ಅಂದ ಮೇಲೆ ಅಂಥದ್ದೊಂದು ಊರು ಇರಬೇಕು, ಅಲ್ಲಿ ಹಿಮ ಬೀಳಬೇಕು, ಹಳೆಯ ಕಲ್ಲಿನ ಕಟ್ಟಡವೊಂದು ಇರಬೇಕು. ಆ ಊರಿನಲ್ಲಿ ನಾನು ಕಲಿತದ್ದು ಸುಳ್ಳಲ್ಲ. ಆದರೆ ಅಲ್ಲಿಗೆ ಹೋಗುವ ಹೊತ್ತಿಗೆ ಮುಖ್ಯವಾದದ್ದೆಲ್ಲ ಆಗಿಹೋಗಿತ್ತು. ಅದು ಆದದ್ದು ಮಸ್ಕತ್ತಿನ ಅಲ್ ಮಬೇಲಾದಲ್ಲಿ, ಟಯರ್ ಅಂಗಡಿಗಳ ಸಾಲಿನ ಹಿಂದೆ ಇದ್ದ ಒಂದು ಬಾಡಿಗೆ ವಿಲ್ಲಾದ ಮೇಲಂತಸ್ತಿನಲ್ಲಿ. ಹಗಲು ಹೊತ್ತು ಆ ಮನೆಯಲ್ಲಿ ಹಾಡುವುದು ಹಾಗಿರಲಿ, ಚಮಚ ಕೆಳಗೆ ಬೀಳಿಸಿದರೂ ಮಮ್ಮಿಯ ಕಣ್ಣು ಕೆಂಪಾಗುತ್ತಿತ್ತು.

ಕಾರಣ ಪಪ್ಪನ ನಿದ್ದೆ. ಪಪ್ಪ ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಪ್ಲಾಂಟಿನಲ್ಲಿ ಪಂಪ್ ಆಪರೇಟರ್ ಆಗಿದ್ದರು. ಅವರಿಗೆ ಯಾವಾಗಲೂ ನೈಟ್ ಡ್ಯೂಟಿ. ನಾನು ಸ್ಕೂಲ್ ಬಸ್ಸಿಗೆ ಇಳಿಯುವಾಗ ಅವರು ಮೆಟ್ಟಿಲು ಹತ್ತುತ್ತಿದ್ದರು. ನನ್ನ ತಲೆ ಸವರಿ, ಉಪ್ಪಿನ ವಾಸನೆಯ ಬೂಟು ಬಿಚ್ಚಿ, ಒಳಗೆ ಹೋಗಿ ಮಲಗಿದರೆ ಏಳುವುದು ಮಧ್ಯಾಹ್ನ ಮೂರರ ಹೊತ್ತಿಗೆ ಮಸೀದಿಯಲ್ಲಿ ಅಸರ್ ಬಾಂಗ್ ಆದ ಮೇಲೆಯೇ. ನಾವು ಆ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ ಅವರಿಗೆ ಸರಿಯಾಗಿ ನಿದ್ದೆ ಆಗುತ್ತಿರಲಿಲ್ಲವಂತೆ. ಒಂದು ಬೆಳಿಗ್ಗೆ ಮನೆಗೆ ಬರುವಾಗ ಹೈವೇಯಲ್ಲಿ ತೂಕಡಿಸಿ, ಕಾರು ಬದಿಯ ಕಬ್ಬಿಣದ ಬೇಲಿಗೆ ಉಜ್ಜಿಕೊಂಡು ನಿಂತಿತು. ಅವರಿಗೆ ಏನೂ ಆಗಲಿಲ್ಲ. ಆದರೆ ಮಮ್ಮಿ ಆ ದಿನವೇ ಮನೆಗೊಂದು ಕಾನೂನು ಮಾಡಿದಳು. ಬಾಗಿಲುಗಳ ಚಿಲಕಕ್ಕೆ ಬಟ್ಟೆ ಸುತ್ತಿದಳು. ಫೋನು ಟರ್ಕಿ ಟವೆಲಿನೊಳಗೆ ಮಲಗಿತು. ಸ್ಟೀಲ್ ಲೋಟಗಳು ಮೇಲಿನ ಕಪಾಟು ಸೇರಿ ಪ್ಲಾಸ್ಟಿಕ್ ಲೋಟಗಳು ಬಂದವು. ಎಲ್ಲಕ್ಕಿಂತ ದೊಡ್ಡ ಬಲಿ ಕುಕ್ಕರಿನದು. ಅದರ ವೆಯ್ಟನ್ನು ಮಮ್ಮಿ ತೆಗೆದು ಹುಣಸೆಹಣ್ಣಿನ ಭರಣಿಯೊಳಗೆ ಹೂತಿಟ್ಟಳು.

ಇದು ನಮ್ಮೊಬ್ಬರದೇ ಮನೆಯಾಗಿದ್ದರೆ ಸರಿ. ಆದರೆ ಆ ಮೇಲಂತಸ್ತನ್ನು ನಾವು ಮೈಸೂರಿನ ವಸುಧಾ ಆಂಟಿಯ ಸಂಸಾರದ ಜೊತೆ ಹಂಚಿಕೊಂಡಿದ್ದೆವು. ಅವರಿಗೆರಡು ಕೋಣೆ, ನಮಗೆರಡು ಕೋಣೆ. ಹಾಲ್ ಮತ್ತು ಅಡಿಗೆಮನೆ ಇಬ್ಬರಿಗೂ. ವಸುಧಾ ಆಂಟಿಯ ಯಜಮಾನರು ಒಂದು ಕಂಪೆನಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು, ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು. ಆಂಟಿ ಬ್ರಾಹ್ಮಣರು, ನಾವು ಮಂಗಳೂರಿನ ಕ್ರಿಸ್ತಾಂವರು. ಮೀನಿನ ವಿಷಯದಲ್ಲಿ ಜಗಳ ಆಗುತ್ತದೆ ಎಂದು ಎಲ್ಲರೂ ಎಣಿಸಿದ್ದರು. ಆಗಲಿಲ್ಲ. ಅಂಜಲ್ ಹುರಿಯುವ ದಿನ ಆಂಟಿ ಕಿಟಕಿ ತೆಗೆದು, ಮೂಗಿಗೆ ಸೆರಗು ಹಿಡಿದು, ಸುಮ್ಮನೆ ತಮ್ಮ ಕೋಣೆಗೆ ಹೋಗಿಬಿಡುತ್ತಿದ್ದರು. ಜಗಳ ಆದದ್ದು ತೊಗರಿಬೇಳೆಯ ವಿಷಯದಲ್ಲಿ. ನಮ್ಮ ಕುಚ್ಚಲಕ್ಕಿ ತೆರೆದ ಪಾತ್ರೆಯಲ್ಲಿ ಬೇಯುತ್ತದೆ, ಅದಕ್ಕೆ ಯಾರ ಹಂಗೂ ಇಲ್ಲ. ಕೂಗು ಬರದೆ ಬೇಳೆ ಬೇಯಿಸಬೇಕಾದರೆ ಮೈಸೂರಿನವರು ಏನು ಮಾಡಬೇಕು? ಆಂಟಿ ಬೆಳಗಿನ ಜಾವವೇ ಎದ್ದು, ತೆರೆದ ಪಾತ್ರೆಯಲ್ಲೇ ಗಂಟೆಗಟ್ಟಲೆ ಬೇಳೆ ಬೇಯಿಸುವ ರಾಜಿಯಾಯಿತು. ಆ ರಾಜಿಗೆ ಬರುವ ಮುಂಚೆ ಇಬ್ಬರೂ ಒಂದು ವಾರ ಜಗಳವಾಡಿದರು, ಅದೂ ಪಿಸುಮಾತಿನಲ್ಲಿ. ಇಬ್ಬರು ಗಟ್ಟಿ ಹೆಂಗಸರು ಕೈ ಬೀಸಿಕೊಂಡು, ಕಣ್ಣು ಅರಳಿಸಿಕೊಂಡು, ಉಸಿರಿನಲ್ಲೇ ಬೈದಾಡಿಕೊಳ್ಳುವುದನ್ನು ನಾನು ಆಮೇಲೆ ಯಾವ ರಂಗದ ಮೇಲೂ ಕಂಡಿಲ್ಲ.

ಮನೆಯೊಳಗೆ ನಮ್ಮದು ಕೊಂಕಣಿ, ಅಡಿಗೆಮನೆಯಲ್ಲಿ ಕನ್ನಡ, ಸ್ಕೂಲಿನಿಂದ ಬಂದ ನನ್ನ ಬಾಯಲ್ಲಿ ಇಂಗ್ಲಿಷ್. ಇಲ್ಲಿ ಎಲ್ಲರ ಬಾಯಲ್ಲೂ ಕನ್ನಡವನ್ನೇ ಇಡುತ್ತೇನೆ. ಯಾವ ಭಾಷೆಯಾದರೂ ಮೂರು ಗಂಟೆಯವರೆಗೆ ಅದನ್ನು ಆಡುವುದು ತುಟಿಯ ತುದಿಯಲ್ಲಿ ಮಾತ್ರ. ಒಬ್ಬಳೇ ಮಗಳು, ಆಡಲು ಅಣ್ಣ ತಮ್ಮ ಇಲ್ಲ. ನನಗೆ ಹಾಡು ಬರುತ್ತಿತ್ತು, ಬಂದದ್ದನ್ನು ಎಲ್ಲಿ ಇಡುವುದು? ಹೀಗಾಗಿ ಬಾಯಿ ಮುಚ್ಚಿಕೊಂಡು ಹಾಡುವುದನ್ನು ಕಲಿತೆ. ಪಾತ್ರೆ ತೊಳೆಯುವಾಗ, ಅನ್ನದ ಗಂಜಿ ಬಸಿಯುವಾಗ, ಗೋಡೆಗೆ ಬೆನ್ನು ಕೊಟ್ಟು ಹೋಮ್‌ವರ್ಕ್ ಮಾಡುವಾಗ ತುಟಿ ಬಿಗಿದು ಗುನುಗುತ್ತಿದ್ದೆ. ನಡುವೆ ಉಸಿರೆಳೆದುಕೊಂಡರೆ ಅದರ ಸದ್ದಿಗೂ ಮಮ್ಮಿ ತಿರುಗಿ ನೋಡುತ್ತಿದ್ದಳು, ಅದಕ್ಕಾಗಿ ಹೊಟ್ಟೆಯ ತಳದವರೆಗೆ ಮೆಲ್ಲಗೆ ಉಸಿರು ತುಂಬಿಕೊಂಡು, ಅದನ್ನು ಜಿಪುಣಿಯ ಹಾಗೆ ಸ್ವಲ್ಪ ಸ್ವಲ್ಪವೇ ಖರ್ಚು ಮಾಡುವುದು ಅಭ್ಯಾಸವಾಯಿತು. ಮುಂದೆ ಇದನ್ನೇ ಕಲಿಯಲು ಜನ ವರ್ಷಗಟ್ಟಲೆ ಒದ್ದಾಡುವುದನ್ನು ನೋಡಿದೆ. ನನಗೆ ಅದು ಪಾತ್ರೆ ತೊಳೆಯುವ ಸಿಂಕಿನ ಬಳಿ ಪುಕ್ಕಟೆ ಸಿಕ್ಕಿತ್ತು.

ಸಂಜೆಯಾದರೆ ಮನೆಯ ಬಣ್ಣವೇ ಬೇರೆ. ಪಪ್ಪ ಎದ್ದು ಮುಖ ತೊಳೆದು ಹಾಲಿನಲ್ಲಿ ಕೂತು ಟಿವಿ ಹಾಕಿದರೆ ಕೆಳಗಿನ ಟಯರ್ ಅಂಗಡಿಯವನಿಗೂ ವಾರ್ತೆ ಕೇಳುತ್ತಿತ್ತು. ರಾತ್ರಿಯಿಡೀ ದುಡಿಯುವ ಗಂಡಸು, ಅಷ್ಟಾದರೂ ಬೇಡವೇ ಎಂದು ಯಾರೂ ಮಾತಾಡುತ್ತಿರಲಿಲ್ಲ. ಡ್ಯೂಟಿಗೆ ಹೊರಡುವ ಮುಂಚೆ ದೇವರ ಪಟದ ಮುಂದೆ ಮೊಣಕಾಲೂರಿ ತೇರ್ಸ್ ಹೇಳುವುದು ನಮ್ಮ ಪದ್ಧತಿ. ಜಪಮಾಲೆಯ ಮಣಿ ಎಣಿಸುತ್ತಾ ಪಪ್ಪ ಹೇಳುತ್ತಿದ್ದ ಪ್ರಾರ್ಥನೆ ದೇವರಿಗೆ ಖಂಡಿತ ತಲುಪುತ್ತಿತ್ತು, ಅಷ್ಟು ಜೋರು. ಕೊನೆಯ ಹಾಡಿನಲ್ಲಿ ಅವರ ಶ್ರುತಿ ಎಲ್ಲೋ, ನಮ್ಮದು ಎಲ್ಲೋ. ನಾನು ಅವರ ಪಕ್ಕದಲ್ಲಿ ತುಟಿ ಮಾತ್ರ ಆಡಿಸುತ್ತಿದ್ದೆ. ಪಪ್ಪ ಇದ್ದಲ್ಲಿ ಸದ್ದು ಮಾಡಬಾರದೆಂಬುದು ನನ್ನ ಗಂಟಲಿಗೆ ಎಷ್ಟು ಚೆನ್ನಾಗಿ ಗೊತ್ತಾಗಿತ್ತೆಂದರೆ, ಪಪ್ಪ ಎಚ್ಚರ ಇದ್ದರೂ ಅದು ಬಾಗಿಲು ತೆರೆಯುತ್ತಿರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ನಾನು ಕೈ ಜೋಡಿಸಿ ಆಶೀರ್ವಾದ ಕೇಳುತ್ತಿದ್ದೆ. ಪಪ್ಪ ತಲೆಯ ಮೇಲೆ ಕೈಯಿಟ್ಟು, ನಮ್ಮ ಮನೆಯಷ್ಟು ಶಾಂತವಾದ ಮನೆ ಇಡೀ ಒಮಾನಿನಲ್ಲಿ ಇಲ್ಲ ಎಂದು ಮಮ್ಮಿಯ ಕಡೆ ನೋಡಿ ಹೇಳುತ್ತಿದ್ದರು. ಮಗಳನ್ನು ಒಳ್ಳೆಯ ಶಿಸ್ತಿನಲ್ಲಿ ಬೆಳೆಸಿದ್ದಾಳೆ ಎಂಬ ಹೆಮ್ಮೆ ಅವರಿಗೆ.

ಮಮ್ಮಿ ಮಸ್ಕತ್ತಿನ ಆ ಕಡೆಯ ಬಡಾವಣೆಯಾದ ಮದೀನತ್ ಸುಲ್ತಾನ್ ಖಾಬೂಸಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಸ್ಕೂಲಿಗೆ ರಜೆ ಬಂದರೆ ನನ್ನನ್ನು ಮನೆಯಲ್ಲಿ ಬಿಡಲು ಅವಳಿಗೆ ಧೈರ್ಯವಿಲ್ಲ, ಪಪ್ಪನ ನಿದ್ದೆಯ ಗತಿ ಏನು? ಹಾಗಾಗಿ ಕ್ಲಿನಿಕ್ಕಿನ ವ್ಯಾನಿನಲ್ಲಿ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿಯೂ ಮೂಲೆಯ ಕುರ್ಚಿಯಲ್ಲಿ ಕೂತು ನಾನು ಬಾಯಿ ಮುಚ್ಚಿಯೇ ಗುನುಗುತ್ತಿದ್ದೆ. ಒಂದು ದಿನ ಹಲ್ಲು ತೋರಿಸಲು ಬಂದ ಬಿಳಿಕೂದಲಿನ ಹೆಂಗಸೊಬ್ಬರು ಪತ್ರಿಕೆ ಮಡಚಿಟ್ಟು ನನ್ನನ್ನೇ ನೋಡತೊಡಗಿದರು. ಅವರೇ ಇಲೋನಾ ಮೇಡಂ. ತಮ್ಮ ದೇಶದಲ್ಲಿ ಒಪೆರಾದಲ್ಲಿ ಹಾಡುತ್ತಿದ್ದವರು, ಗಂಡನ ಕೆಲಸಕ್ಕಾಗಿ ಮಸ್ಕತ್ತಿಗೆ ಬಂದು, ಹತ್ತಿರದ ಬೀದಿಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದರು. ಇಷ್ಟು ಹೊತ್ತು ನೀನು ಉಸಿರು ತೆಗೆದುಕೊಂಡದ್ದೇ ನನಗೆ ಕಾಣಲಿಲ್ಲ, ಯಾರು ಕಲಿಸಿದರು ಎಂದು ಕೇಳಿದರು. ನಾನು ಪೆದ್ದುಪೆದ್ದಾಗಿ, ಮೈ ಫಾದರ್ ಸ್ಲೀಪ್ಸ್, ಎಂದೆ.

ಆ ರಜೆಯಲ್ಲಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮಮ್ಮಿ ನನ್ನನ್ನು ಅವರ ಮನೆಗೆ ಬಿಟ್ಟು ಬರುತ್ತಿದ್ದಳು. ಅವರ ಮನೆಯಲ್ಲಿ ಪಿಯಾನೋ ಇತ್ತು, ಎತ್ತರದ ಚಾವಣಿ ಇತ್ತು, ಮಲಗಿದವರು ಯಾರೂ ಇರಲಿಲ್ಲ. ಮಾತಿಲ್ಲದ, ಬರೀ ಆ ಎಂಬ ಒಂದೇ ಅಕ್ಷರದ ಮೇಲೆ ಮೇಲಕ್ಕೇರಿ ಇಳಿಯುವ ಒಂದು ಅಭ್ಯಾಸವನ್ನು ಅವರು ಹೇಳಿಕೊಟ್ಟರು. ಮೊದಲ ಸಲ ಬಾಯಿ ತೆರೆದು ಹಾಡಿದಾಗ ನನ್ನ ಸ್ವರಕ್ಕೆ ನಾನೇ ಹೆದರಿ ಬಾಯಿಗೆ ಕೈ ಇಟ್ಟುಕೊಂಡೆ. ಅವರು ನಗುತ್ತಾ ಕೈ ತೆಗೆಸಿದರು. ರಜೆ ಮುಗಿಯುವ ಹೊತ್ತಿಗೆ ಮಮ್ಮಿಯನ್ನು ಕೂರಿಸಿ, ವಾರಕ್ಕೆರಡು ಮಧ್ಯಾಹ್ನ ಇವಳನ್ನು ಕಳಿಸಿ, ಸರಿಯಾಗಿ ಕಲಿಸುತ್ತೇನೆ, ಆದರೆ ಸ್ಕೂಲು ತೆರೆಯುವುದರೊಳಗೆ ಹೇಳಿಬಿಡಿ, ಆ ಸಮಯಕ್ಕೆ ಇನ್ನೊಬ್ಬ ಹುಡುಗಿ ಕಾಯುತ್ತಿದ್ದಾಳೆ ಎಂದರು. ಸ್ಕೂಲು ಶುರುವಾದ ಮೇಲೆ ಮಬೇಲಾದಿಂದ ಅಷ್ಟು ದೂರ ನನ್ನನ್ನು ಕರೆತರಬಲ್ಲ ಕಾರು ಒಂದೇ, ಅದು ಪಪ್ಪನದು. ಪಪ್ಪ ಕಾರು ತೆಗೆಯಬೇಕಾದರೆ ವಾರಕ್ಕೆರಡು ದಿನ ನಿದ್ದೆ ಬಿಡಬೇಕು. ಯಾವುದನ್ನು ಕಾಪಾಡಲು ನಾನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆನೋ, ಅದನ್ನೇ ಈಗ ಕೇಳಬೇಕಾಗಿತ್ತು.

ಮಮ್ಮಿ ಶುಕ್ರವಾರ ಸಂಜೆ ಚಹಾ ಕೊಡುತ್ತಾ ವಿಷಯ ತೆಗೆದಳು. ಪಪ್ಪನಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. ನನ್ನ ಮಗಳು ಹಾಡುತ್ತಾಳೆಯೇ, ನಾನು ಒಂದು ದಿನವೂ ಕೇಳಿಲ್ಲವಲ್ಲ ಎಂದರು. ನ್ಯಾಯವಾದ ಮಾತು. ಹಾಗಾದರೆ ಹಾಡು ನೋಡುವಾ ಎಂದು ಟಿವಿ ಆರಿಸಿ, ಕಾಲು ಮಡಚಿ ಕೂತರು. ವಸುಧಾ ಆಂಟಿಯೂ ಬಾಗಿಲಿಗೆ ಬಂದು ನಿಂತರು. ನಾನು ಹಾಲಿನ ನಡುವೆ ನಿಂತು ಬಾಯಿ ತೆರೆದೆ. ಇಲೋನಾ ಮೇಡಂ ಮನೆಯಲ್ಲಿ ಚಾವಣಿಗೆ ಬಡಿದಿದ್ದ ಸ್ವರ ಎಲ್ಲಿ ಹೋಯಿತೋ ಗೊತ್ತಿಲ್ಲ. ಪಪ್ಪನ ಮುಖ ನೋಡಿದೊಡನೆ ಬರೀ ಒಂದು ನೂಲಿನೆಳೆಯಷ್ಟು ಸದ್ದು ಹೊರಗೆ ಬಂತು. ಪಪ್ಪ ತಲೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ, ನನ್ನ ತುಟಿಯನ್ನೇ ನೋಡುತ್ತಾ ಕೇಳಿದರು. ಮುಗಿದದ್ದು ಅವರಿಗೆ ಗೊತ್ತಾದದ್ದು ನಾನು ಬಾಯಿ ಮುಚ್ಚಿದ ಮೇಲೆ.

"ಚಂದ ಉಂಟು ಬಾಯ್. ಆದ್ರೆ ಇಷ್ಟು ಸಣ್ಣ ಸ್ವರಕ್ಕೆ ಟೀಚರ್ ಎಂತಕ್ಕೆ? ಓದ್ಲಿಕ್ಕೆ ನೋಡು. ಖಲಾಸ್."

ಅವರು ಪ್ರೀತಿಯಿಂದಲೇ ಹೇಳಿದರು, ನಮ್ಮಲ್ಲಿ ಹೆಣ್ಣುಮಕ್ಕಳನ್ನು ಕರೆಯುವ ಆ ಬಾಯ್ ಎಂಬ ಮಾತಿನಲ್ಲಿ ಮುದ್ದೂ ಇತ್ತು. ಅದಕ್ಕೇ ಹೆಚ್ಚು ಉರಿಯಿತು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತೆ. ನನ್ನ ಅಳು ಕೂಡ ಸದ್ದಿಲ್ಲದ್ದು ಎಂದು ಆ ದಿನ ಗೊತ್ತಾಗಿ ಮತ್ತಷ್ಟು ಅಳು ಬಂತು. ಮಮ್ಮಿ ಪಪ್ಪನ ಜೊತೆ ವಾದಿಸಿದಳು. ಪಪ್ಪ ಎಚ್ಚರವಾಗಿಯೇ ಇದ್ದರು, ಜೋರಾಗಿ ವಾದಿಸಬಹುದಿತ್ತು. ಆದರೆ ಅವಳಿಗೂ ಪಿಸುಮಾತೇ ಅಭ್ಯಾಸವಾಗಿಹೋಗಿತ್ತು. ಪಪ್ಪ ಎಲ್ಲದಕ್ಕೂ ಹೌದು ಹೌದು ಎಂದು ತಲೆಯಾಡಿಸಿ, ಊಟದ ಡಬ್ಬಿ ಹಿಡಿದು ಡ್ಯೂಟಿಗೆ ಹೋದರು. ಹೌದೆಂದರಲ್ಲ ಎಂದು ಮಮ್ಮಿ ಮರುದಿನ ಕೇಳಿದರೆ, ನಾನು ಯಾವಾಗ ಹೌದೆಂದೆ ಎಂದರು. ಗಂಡಸರ ಹಠ ಎಂದು ಮಮ್ಮಿ ಹಲ್ಲು ಕಡಿದಳು.

ಅದೇ ವಾರ ವಸುಧಾ ಆಂಟಿಯ ಅತ್ತೆ ಮೈಸೂರಿನಿಂದ ವಿಸಿಟ್ ವೀಸಾದಲ್ಲಿ ಬಂದರು. ಅಜ್ಜಿ ಬಹಳ ಚುರುಕು. ಎಲ್ಲರೂ ಯಾಕೆ ಹೀಗೆ ಕಳ್ಳರ ಹಾಗೆ ಓಡಾಡುತ್ತೀರಿ ಎಂದು ಮೊದಲ ದಿನವೇ ಕೇಳಿ, ಉತ್ತರ ಕೇಳಿಸಿಕೊಳ್ಳುವ ಮೊದಲೇ ಬೇರೆ ಕೆಲಸಕ್ಕೆ ಹೋದವರು. ಸ್ಕೂಲು ತೆರೆಯಲು ಇನ್ನು ಎರಡೇ ದಿನ ಇತ್ತು. ಮಮ್ಮಿಗೆ ಕ್ಲಿನಿಕ್ ರಜೆ. ನಾನೂ ಮಮ್ಮಿಯೂ ಹಾಲಿನಲ್ಲಿ ಯೂನಿಫಾರ್ಮಿನ ಅಂಚು ಬಿಚ್ಚುತ್ತಾ ಕೂತಿದ್ದೆವು. ಪಪ್ಪ ಒಳಗೆ ಮಲಗಿ ಬಹಳ ಹೊತ್ತಾಗಿರಲಿಲ್ಲ. ವಸುಧಾ ಆಂಟಿ ಟೆರೇಸಿನಲ್ಲಿ ಬಟ್ಟೆ ಒಣಗಿಸಲು ಹೋಗಿದ್ದಾಗ, ಸೊಸೆಗೆ ಬಿಸಿಬೇಳೆಭಾತ್ ಮಾಡಿಕೊಡೋಣವೆಂದು ಅಜ್ಜಿ ಅಡಿಗೆಮನೆಗೆ ಇಳಿದಿದ್ದರು. ಹುಣಸೆಹಣ್ಣಿಗೆ ಭರಣಿಯೊಳಗೆ ಕೈ ಹಾಕಿದರೆ ಕೈಗೆ ಸಿಕ್ಕಿದ್ದು ಕುಕ್ಕರಿನ ವೆಯ್ಟ್. ಅಯ್ಯೋ ಪಾಪ, ಯಾರೋ ಕೈತಪ್ಪಿ ಬೀಳಿಸಿದ್ದಾರೆ ಎಂದುಕೊಂಡು, ತೊಳೆದು, ಕುಕ್ಕರಿನ ಮೇಲಿಟ್ಟರು.

ಮೊದಲ ಕೂಗಿಗೆ ನಮ್ಮ ಕೈಯ ಕತ್ತರಿ ನಿಂತಿತು. ಎಷ್ಟೋ ಕಾಲದಿಂದ ಆ ಸದ್ದೇ ಕೇಳದ ಗೋಡೆಗಳೆಲ್ಲ ಒಮ್ಮೆಗೇ ಕೂಗಿದ ಹಾಗಾಯಿತು. ಮಮ್ಮಿ ಅಡಿಗೆಮನೆಗೆ ಓಡುವಷ್ಟರಲ್ಲಿ ಎರಡನೆಯದೂ ಬಂತು, ಅಜ್ಜಿಯ ಕೈಗೆ ಇಕ್ಕಳ ಸಿಗುವಷ್ಟರಲ್ಲಿ ಮೂರನೆಯದು. ಆಂಟಿ ಒದ್ದೆ ಬಟ್ಟೆ ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದರು. ಆಮೇಲೆ ನಾವು ನಾಲ್ವರೂ ಪಪ್ಪನ ಬಾಗಿಲನ್ನು ನೋಡುತ್ತಾ ನಿಂತೆವು. ಬಾಗಿಲು ತೆರೆಯಲಿಲ್ಲ. ಮಮ್ಮಿ ಮೆಲ್ಲಗೆ ಒಳಗೆ ಹೋದಳು. ನಾನು ಹಿಂದೆಯೇ ಇಣುಕಿದೆ. ದಪ್ಪ ಪರದೆಯ ಕತ್ತಲಲ್ಲಿ ಪಪ್ಪ ಒಂದು ಮಗ್ಗುಲಾಗಿ ಮಲಗಿದ್ದರು. ಮಮ್ಮಿ ಹೆಸರು ಹಿಡಿದು ಕರೆದಳು. ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದಳು. ಏನೂ ಇಲ್ಲ. ಭುಜಕ್ಕೆ ಒಂದು ಬೆರಳು ತಾಗಿಸಿದ್ದೇ ತಡ, ಡ್ಯೂಟಿಗೆ ಟೈಮ್ ಆಯ್ತಾ ಎಂದು ಎದ್ದು ಕೂತರು. ಇಲ್ಲ ಮಲಗಿ ಎಂದು ಸನ್ನೆ ಮಾಡಿ, ಬಾಗಿಲು ಎಳೆದುಕೊಂಡು ಬಂದ ಮಮ್ಮಿ ಅಡಿಗೆಮನೆಯ ನೆಲದ ಮೇಲೆ ಕುಸಿದು ಕೂತು ನಗತೊಡಗಿದಳು. ನಗುತ್ತಾ ನಗುತ್ತಾ ಸೆರಗು ಕಣ್ಣಿಗೆ ಹೋಯಿತು.

"ಏನಾಯ್ತ್ರೀ?" ಎಂದು ವಸುಧಾ ಆಂಟಿ ಪಕ್ಕದಲ್ಲಿ ಕೂತರು.

"ಅವರಿಗೆ ಕೇಳುದಿಲ್ಲ ಮಾರಾಯ್ತಿ. ನಾವು ಇಷ್ಟು ವರ್ಷ ಯಾರಿಗೆ ಹೆದರಿ ಪಿಸಪಿಸ ಮಾಡಿದ್ದು?"

ಟಿವಿಯ ಅಬ್ಬರ, ತೇರ್ಸಿನ ಕೂಗು, ಹೌದು ಹೌದು ಎಂದು ತಲೆಯಾಡಿಸಿ ಮರುದಿನ ಮರೆತದ್ದು, ಎಲ್ಲವೂ ಒಂದರ ಪಕ್ಕ ಒಂದು ಬಂದು ಕೂತವು. ರಾತ್ರಿಯಿಡೀ ಪಂಪುಗಳ ನಡುವೆ ನಿಂತು ನಿಂತು ಪಪ್ಪನ ಕಿವಿ ಸವೆದಿತ್ತು. ಹೊರಗೆ ಗೊತ್ತಾದರೆ ಕೆಲಸ ಹೋದೀತು, ಕೆಲಸ ಹೋದರೆ ವೀಸಾ ಹೋದೀತು ಎಂದು ಅವರು ತಮಗೂ ಸ್ಪಷ್ಟವಾಗಿ ಹೇಳಿಕೊಳ್ಳದೆ ಮುಚ್ಚಿಟ್ಟುಕೊಂಡಿದ್ದರು. ನಾವು ಅವರಿಗಾಗಿ ಸದ್ದಡಗಿಸಿದೆವು. ಸದ್ದೇ ಇಲ್ಲದ ಮನೆಯಲ್ಲಿ ತನಗೆ ಕೇಳುವುದಿಲ್ಲ ಎಂಬುದು ಅವರಿಗಾದರೂ ಹೇಗೆ ಪೂರ್ತಿ ಗೊತ್ತಾಗಬೇಕು? ಎಂಥ ಪೆದ್ದು ಪ್ರೀತಿ ನಮ್ಮದು.

ಮಮ್ಮಿ ಕಣ್ಣೊರಸಿಕೊಂಡು ನನ್ನನ್ನು ನೋಡಿದಳು. ಅವಳ ತಲೆಯಲ್ಲಿ ಏನು ಓಡುತ್ತಿದೆಯೆಂದು ನನಗೆ ಗೊತ್ತಾಯಿತು, ಬೇಡ ಬೇಡವೆಂದು ತಲೆಯಾಡಿಸಿದೆ.

"ಹಾಡು. ಈಗ, ಇಲ್ಲೇ. ಅವರು ಕೇಳಿದ್ದು ನಿನ್ನ ಸ್ವರ ಅಲ್ಲ."

ಪಪ್ಪ ಮಲಗಿರುವಾಗ, ಹಾಡಹಗಲು, ಅವರ ಬಾಗಿಲಿನ ಎದುರು. ನಿದ್ದೆ ಕೆಡಿಸಿದರೆ ಮತ್ತೆ ಹೈವೇ, ಮತ್ತೆ ಆ ಬೇಲಿ ಎಂದು ಹೆದರಿಕೆ. ಆಗ ಇಕ್ಕಳ ಹಿಡಿದುಕೊಂಡೇ ನಿಂತಿದ್ದ ಅಜ್ಜಿ, ಹಾಡಮ್ಮ, ಕೂಗ್ಸಿದ್ದು ಹೇಗೂ ನಾನೇ, ಬೈದ್ರೆ ನನ್ನನ್ನೇ ಬೈಲಿ ಎಂದರು. ನಾನು ಕಣ್ಣು ಮುಚ್ಚಿ ಇಲೋನಾ ಮೇಡಂ ಹೇಳಿಕೊಟ್ಟದ್ದನ್ನು ಶುರುಮಾಡಿದೆ. ಮೊದಲು ಅದೇ ನೂಲಿನೆಳೆ. ಎರಡನೆಯ ಸಲ ಸ್ವಲ್ಪ ದಪ್ಪ. ಆಮೇಲೆ ಹೊಟ್ಟೆಯ ತಳದಲ್ಲಿ ಇಷ್ಟು ವರ್ಷ ಕೂಡಿಟ್ಟಿದ್ದ ಉಸಿರೆಲ್ಲ ಮೇಲೆದ್ದು ಬಂತು. ಕಿರುಚಬೇಡ, ಕಳಿಸು ಎಂದು ಮೇಡಂ ಹೇಳುತ್ತಿದ್ದರು. ಯಾರಿಗೆ ಕಳಿಸಬೇಕೆಂದು ನನಗೆ ಆವತ್ತು ಮೊದಲ ಸಲ ಗೊತ್ತಿತ್ತು. ಆ ಮರದ ಬಾಗಿಲನ್ನು ದಾಟಿ, ಪರದೆಯ ಕತ್ತಲನ್ನು ದಾಟಿ, ಆ ಕಿವಿಯವರೆಗೆ. ಸ್ವರ ಮೇಲೇರಿ ತುದಿಯಲ್ಲಿ ನಿಂತಾಗ ಕಪಾಟಿನ ಸ್ಟೀಲ್ ಲೋಟಗಳು ಗುಂಯ್ ಎಂದದ್ದು ನನಗೇ ಕೇಳಿಸಿತು.

ಬಾಗಿಲು ತೆರೆಯಿತು. ಪಪ್ಪ ಲುಂಗಿ ಕಟ್ಟಿಕೊಳ್ಳುತ್ತಾ, ಕೂದಲು ಕೆದರಿಕೊಂಡು ಹೊಸ್ತಿಲಲ್ಲಿ ನಿಂತಿದ್ದರು. ನನ್ನ ಸ್ವರ ತಟ್ಟನೆ ನಿಂತುಹೋಯಿತು. ಅವರು ಮಮ್ಮಿಯನ್ನು ನೋಡಿದರು, ಆಂಟಿಯನ್ನು, ಅಜ್ಜಿಯನ್ನು ನೋಡಿದರು, ಕೊನೆಗೆ ತೆರೆದೇ ಇದ್ದ ನನ್ನ ಬಾಯಿಯನ್ನು ನೋಡಿದರು.

"ನಿಲ್ಲಿಸಿದ್ದು ಎಂತಕ್ಕೆ?" ಎಂದರು ಪಪ್ಪ.

ನಾನು ಮತ್ತೆ ಹಾಡಿದೆ. ಅವರು ಹೊಸ್ತಿಲಲ್ಲೇ, ಬರಿಗಾಲಲ್ಲಿ, ಪೂರ್ತಿ ಕೇಳಿದರು. ಮುಗಿದ ಮೇಲೆ ಮುಖ ತೊಳೆದು ಬಂದು, ಆ ಮೇಡಂ ಮನೆ ಯಾವ ಬೀದಿಯಲ್ಲಿ ಎಂದು ಮಮ್ಮಿಯನ್ನು ಕೇಳಿದರು. ಆ ದಿನ ಎಲ್ಲರೂ ಒಟ್ಟಿಗೆ ಬಿಸಿಬೇಳೆಭಾತ್ ತಿಂದೆವು. ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ಕಿವಿಯ ಡಾಕ್ಟರರಲ್ಲಿಗೆ ಅವರನ್ನು ಹೊರಡಿಸಲು ಮಮ್ಮಿಗೆ ಮತ್ತೂ ಕೆಲವು ತಿಂಗಳು ಬೇಕಾಯಿತು. ಚೂಪಾದ ಸದ್ದುಗಳು ಇವರಿಗೆ ಹೋಗಿವೆ, ತುಂಬಿದ ಸ್ವರ ಬಲವಾಗಿ ಬಂದರೆ ಕೇಳುತ್ತದೆ ಎಂದು ಡಾಕ್ಟರು ಹೇಳಿದರು. ಹೆದರಿದ ಹಾಗೆ ಕೆಲಸ ಹೋಗಲಿಲ್ಲ. ಪಂಪುಗಳ ಬಳಿಯಿಂದ ತೆಗೆದು, ಸದ್ದು ಬಾರದ ಗಾಜಿನ ಕೋಣೆಯಲ್ಲಿ ಮಧ್ಯಾಹ್ನಕ್ಕೆ ಮುಗಿಯುವ ಬೆಳಗಿನ ಡ್ಯೂಟಿಗೆ ಹಾಕಿದರು. ನಮ್ಮ ಮನೆಯಲ್ಲಿ ಹಗಲು ಹೊತ್ತು ಕುಕ್ಕರ್ ಕೂಗತೊಡಗಿತು. ಮಮ್ಮಿಗೆ ಮಾತ್ರ ಪಿಸುಮಾತು ಪೂರ್ತಿ ಬಿಟ್ಟುಹೋಗಲಿಲ್ಲ.

ಇಲೋನಾ ಮೇಡಂ ಮನೆಗೆ ಪಪ್ಪ ನನ್ನನ್ನು ಕರೆದುಕೊಂಡು ಹೋದ ದಿನಗಳದ್ದು ಒಂದು ಕ್ರಮ ಇತ್ತು. ಒಳಗೆ ಬನ್ನಿ ಎಂದರೆ ಬರುತ್ತಿರಲಿಲ್ಲ. ಕಾರನ್ನು ಗೇಟಿನ ಎದುರು ನಿಲ್ಲಿಸಿ, ಆ ಸೆಕೆಯಲ್ಲೂ ಕಿಟಕಿಯ ಗಾಜು ಇಳಿಸಿ ಕೂರುತ್ತಿದ್ದರು. ನಾನು ಬಂದು ಕೂತ ಮೇಲೆ, ಗೇಟಿನ ತನಕ ಬಂತು ಎಂದು ಅಷ್ಟೇ ಹೇಳಿ ಕಾರು ತೆಗೆಯುತ್ತಿದ್ದರು. ಕೆಲವು ವಾರ ಕಳೆದ ಮೇಲೆ ಗೇಟಿನ ಎದುರು ಕಾರು ಇರಲಿಲ್ಲ. ನೋಡಿದರೆ ನಾಲ್ಕು ಮನೆ ಆಚೆ, ಬೇವಿನ ಮರದ ಕೆಳಗೆ ನಿಲ್ಲಿಸಿದ್ದರು. ಬೇವಿನ ಮರದ ತನಕ ಬಂತು ಎಂದರು. ಆಮೇಲೆ ಬೀದಿಯ ತುದಿಯ ಕಸದ ಡಬ್ಬದ ಬಳಿ. ಒಮ್ಮೊಮ್ಮೆ, ಇವತ್ತು ಬರಲಿಲ್ಲ ಎನ್ನುತ್ತಿದ್ದರು. ಬರದ ದಿನ ನಾನು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿರುತ್ತಿದ್ದೆ. ಮುಂದಿನ ಸಲ ಕಾರು ಅಲ್ಲಿಯೇ ಇರುತ್ತಿತ್ತು, ಒಂದಡಿಯೂ ಹತ್ತಿರ ಬರುತ್ತಿರಲಿಲ್ಲ. ಸ್ವರ ಎಷ್ಟು ದೂರ ಹೋಗಬೇಕೆಂದು ನನಗೆ ಕಲಿಸಿದ್ದು ಹೀಗೆ, ಒಂದು ಸ್ವರದ ಹೆಸರೂ ಗೊತ್ತಿಲ್ಲದ ಮನುಷ್ಯ.

ಕಳೆದ ಚಳಿಗಾಲದಲ್ಲಿ ಮಸ್ಕತ್ತಿನಲ್ಲೇ ಹಾಡುವ ಅವಕಾಶ ಬಂತು, ವಾದ್ಯವೃಂದದ ಜೊತೆ, ಮೈಕಿಲ್ಲದೆ. ಊರಿಗೆ ವಾಪಸಾಗಿದ್ದ ಪಪ್ಪ, ಮಮ್ಮಿ ವಿಸಿಟ್ ವೀಸಾದಲ್ಲಿ ಬಂದಿದ್ದರು. ವಸುಧಾ ಆಂಟಿಯೂ ಬಂದಿದ್ದರು, ಅವರ ಸಂಸಾರ ಈಗಲೂ ಅಲ್ಲೇ ಇದೆ. ಎಲ್ಲರಿಗೂ ಮುಂದಿನ ಸಾಲಿನಲ್ಲಿ ಸೀಟು ಹೇಳಿದ್ದೆ. ಪಪ್ಪ ಒಪ್ಪಲಿಲ್ಲ. ಮುಂದೆ ಕೂತರೆ ಯಾರದ್ದಾದರೂ ಕೇಳುತ್ತದೆ ಎಂದು ಜಗಳ ಮಾಡಿ, ಮೇಲಿನ ಬಾಲ್ಕನಿಯ ಕೊನೆಯ ಸಾಲಿನ ಮೂಲೆ ಕುರ್ಚಿ ಹಾಕಿಸಿಕೊಂಡರು. ಹಾಡು ಮುಗಿದು, ಬೆಳಕು ಬಂದು, ಜನ ಎದ್ದ ಮೇಲೆ ಅವರು ಒಂದೊಂದೇ ಮೆಟ್ಟಿಲು ಇಳಿದು ನಾನು ನಿಂತಲ್ಲಿಗೆ ಬಂದರು. ಕಿವಿಯ ಎರಡು ಯಂತ್ರಗಳೂ ಶರ್ಟಿನ ಕಿಸೆಯಲ್ಲಿದ್ದವು. ಅವನ್ನು ಹಾಕಿಕೊಳ್ಳದೆ ಕೂತಿದ್ದಾರೆ ಎಂದು ಹಿಂದಿನಿಂದ ಬಂದ ಮಮ್ಮಿ ಪಿಸುಗುಟ್ಟುತ್ತಾ ಬೈಯುತ್ತಿದ್ದಳು, ಪಪ್ಪನಿಗೆ ಅದು ಕೇಳುತ್ತಿರಲಿಲ್ಲ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

"ಬಂತು," ಎಂದರು.